ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಮುಂಗಡ ಕಟ್ಟುವ ಮೊದಲು ಹೃದಯದ ವರದಿ ತೋರಿಸಿ

ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಮನೆ ಎರಡನೇ ಮಹಡಿಯಲ್ಲಿದೆ. ಕಳೆದ ವರ್ಷ ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತುವಾಗ ಎರಡು ಸಲ ನಿಲ್ಲಬೇಕಾಗುತ್ತಿತ್ತು. ರಾತ್ರಿ ಮೂರು ದಿಂಬು ಇಟ್ಟುಕೊಂಡರೆ ಮಾತ್ರ ಉಸಿರು. ಎತ್ತರ 165 ಸೆಂ.ಮೀ., ತೂಕ 128 ಕೆ.ಜಿ. ಏದುಸಿರಿಗೆ ಬೇರೆ ಕಾರಣ ಹುಡುಕಬೇಕೆಂದು ಯಾರಿಗೂ ಅನ್ನಿಸಲಿಲ್ಲ, ನನಗೂ.

ಬೇರೆ ಊರಿನ ಕೇಂದ್ರವೊಂದು ನಮ್ಮಲ್ಲಿ ನಡೆಸಿದ ಉಚಿತ ಶಿಬಿರಕ್ಕೆ ಹೋದೆ. ಜಠರದ ಸುಮಾರು ಮುಕ್ಕಾಲು ಪಾಲು ತೆಗೆಯುವ ಸ್ಲೀವ್ ಶಸ್ತ್ರಚಿಕಿತ್ಸೆ ನನಗೆ ಸೂಕ್ತ ಎಂದರು. ಅದರ ಬಗ್ಗೆ ಈಗಲೂ ನನ್ನ ತಕರಾರಿಲ್ಲ. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 47 ಇರುವವರಿಗೆ ಅದು ಒಪ್ಪಿತ ಚಿಕಿತ್ಸೆಯೇ. ತಕರಾರಿರುವುದು ಅವಸರದ ಬಗ್ಗೆ. ತಿಂಗಳ ಕೊನೆಯೊಳಗೆ ಕಟ್ಟಿದರೆ ರಿಯಾಯಿತಿ ಎಂದು ದಿನಕ್ಕೆ ಮೂರು ಕರೆ. 40,000 ರೂಪಾಯಿ ಮುಂಗಡ ಕಟ್ಟಿದ ಮೇಲಷ್ಟೇ ಪರೀಕ್ಷೆಗಳು ಶುರುವಾದವು.

ಇಸಿಜಿ ಹಾಳೆಯ ತುದಿಯಲ್ಲಿ ಯಂತ್ರವೇ ಮುದ್ರಿಸಿತ್ತು: ‘ಲೆಫ್ಟ್ ಬಂಡಲ್ ಬ್ರಾಂಚ್ ಬ್ಲಾಕ್, ಅಬ್‌ನಾರ್ಮಲ್ ಇಸಿಜಿ’. ಹೃದಯದ ಎಡಭಾಗಕ್ಕೆ ವಿದ್ಯುತ್ ಸಂಕೇತ ತಡವಾಗಿ ತಲುಪುತ್ತಿದೆ ಎಂದರ್ಥ. ಕೇಳಿದ್ದಕ್ಕೆ, “ದಪ್ಪ ಇರುವವರಿಗೆ ಹೀಗೆಯೇ ಬರುತ್ತದೆ ಮೇಡಂ” ಎಂದರು. ಅದು ಅರ್ಧ ಸತ್ಯ. ಎದೆಯ ಮೇಲಿನ ಕೊಬ್ಬಿನಿಂದ ಇಸಿಜಿಯ ಅಲೆಗಳು ಗಿಡ್ಡವಾಗಿ ಕಾಣುವುದುಂಟು, ಆದರೆ ಈ ಬ್ಲಾಕನ್ನು ಕೊಬ್ಬಿನ ತಲೆಗೆ ಕಟ್ಟುವಂತಿಲ್ಲ. ಪ್ಯಾಕೇಜಿನಲ್ಲಿದೆ ಎಂದು ಟ್ರೆಡ್‌ಮಿಲ್ ಮೇಲೂ ಓಡಿಸಿದರು. ಈ ಬ್ಲಾಕ್ ಇರುವವರಲ್ಲಿ ಟ್ರೆಡ್‌ಮಿಲ್ ಇಸಿಜಿ ನೋಡಿ ರಕ್ತನಾಳದ ಅಡಚಣೆಯನ್ನು ಹೇಳಲಾಗದು ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ವರದಿಯಲ್ಲಿ ‘ಪೂರ್ ಎಕೋ ವಿಂಡೋ’ ಎಂದು ಬರೆದು, ಅದರ ಕೆಳಗೇ ‘ನಾರ್ಮಲ್’ ಎಂಬ ಷರಾ. ಚಿತ್ರವೇ ಸರಿಯಾಗಿ ಮೂಡದಿದ್ದರೆ ನಾರ್ಮಲ್ ಎಂದದ್ದು ಏನನ್ನು ನೋಡಿ? ಅಂದೇ ಕೇಳಬೇಕಿತ್ತು. ಕೇಳದೆ, ಶಸ್ತ್ರಚಿಕಿತ್ಸೆಯ ತಯಾರಿಗೆಂದು ಎರಡು ವಾರ ದ್ರವಾಹಾರ ಕುಡಿದೆ.

ಶಸ್ತ್ರಚಿಕಿತ್ಸೆಯ ದಿನ ಬೆಳಿಗ್ಗೆ ಅರಿವಳಿಕೆ ವೈದ್ಯೆ ಫೈಲ್ ತಿರುವಿದರು. ಬಗ್ಗಿ ಹೆಬ್ಬೆರಳಿನಿಂದ ನನ್ನ ಕಣಕಾಲು ಒತ್ತಿದರು. ಗುಂಡಿ ಬಿದ್ದು ಹಾಗೆಯೇ ಉಳಿಯಿತು. “ರಾತ್ರಿ ಎಷ್ಟು ದಿಂಬು ಇಟ್ಟು ಮಲಗುತ್ತೀರಿ?” ಅಲ್ಲಿಯವರೆಗೆ ನನ್ನನ್ನು ಯಾರೂ ಕೇಳದ ಪ್ರಶ್ನೆ. ಕಾಲಿನ ಊತ, ಮಲಗಿದಾಗ ಉಸಿರು ಕಟ್ಟುವುದು, ಎರಡೂ ಹೃದಯ ಸೋತಿರುವ ಸೂಚನೆಯಾಗಿರಬಹುದು. ಲ್ಯಾಪರೋಸ್ಕೋಪಿಗಾಗಿ (ಸಣ್ಣ ರಂಧ್ರಗಳ ಮೂಲಕ ಮಾಡುವ ಶಸ್ತ್ರಚಿಕಿತ್ಸೆ) ಹೊಟ್ಟೆಗೆ ಅನಿಲ ತುಂಬಿದಾಗ ಹೃದಯಕ್ಕೆ ಹೊರೆ ಬೀಳುತ್ತದೆ, ಹೃದ್ರೋಗ ತಜ್ಞರು ನೋಡದೆ ಅರಿವಳಿಕೆ ಕೊಡುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದರು. ಆ ತಾಯಿಯ ಋಣ ನನ್ನ ಮೇಲಿದೆ.

ಊರಿಗೆ ಬಂದು ತಜ್ಞರಿಗೆ ತೋರಿಸಿದೆ. ಎಡಮಗ್ಗುಲಿಗೆ ಮಲಗಿಸಿ, ನಿಧಾನವಾಗಿ ಮತ್ತೆ ಎಕೋ ಮಾಡಿದರು. ಇಜೆಕ್ಷನ್ ಫ್ರ್ಯಾಕ್ಷನ್, ಅಂದರೆ ಪ್ರತಿ ಬಡಿತಕ್ಕೆ ಹೃದಯದ ಎಡ ಕೋಣೆ ಹೊರದೂಡುವ ರಕ್ತದ ಪಾಲು, ಶೇ 35; ಸಾಮಾನ್ಯವಾಗಿ ಶೇ 55ಕ್ಕಿಂತ ಮೇಲಿರಬೇಕಾದದ್ದು. ಆಂಜಿಯೋಗ್ರಾಮ್‌ನಲ್ಲಿ ರಕ್ತನಾಳಗಳು ಸ್ವಚ್ಛವಾಗಿದ್ದವು, ಹೃದಯದ ಸ್ನಾಯುವೇ ಸೋತಿತ್ತು.

ವರದಿಯಲ್ಲಿ ಅಬ್‌ನಾರ್ಮಲ್ ಎಂದು ಕಂಡ ಕೂಡಲೇ ಎದೆಗುಂದಬೇಡಿ. ಹೃದಯದ ರಕ್ತಹರಿವು ನೋಡುವ ನ್ಯೂಕ್ಲಿಯರ್ ಸ್ಕ್ಯಾನ್‌ನಲ್ಲಿ ಸ್ತನದ ನೆರಳು ಬಿದ್ದು, ಇಲ್ಲದ ದೋಷ ಕಾಣುವುದೂ ಇದೆ. ಆದರೆ ಅದು ನೆರಳೋ ರೋಗವೋ ಎಂದು ಹೇಳಬೇಕಾದವರು ಹೃದ್ರೋಗ ತಜ್ಞರು, ಪ್ಯಾಕೇಜ್ ಮಾರುವವರಲ್ಲ. ಸ್ಟೆಂಟ್ ಹಾಕಬೇಕಾಗಿ ಬಂದರಂತೂ ರಕ್ತ ತೆಳುಗೊಳಿಸುವ ಮಾತ್ರೆಗಳನ್ನು ತಿಂಗಳುಗಟ್ಟಲೆ ನಿಲ್ಲಿಸುವಂತಿಲ್ಲ, ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಗುತ್ತದೆ. ಹೋಗಲಿ ಬಿಡಿ. ಮೂಲ ಇಸಿಜಿ ಹಾಳೆಯನ್ನೂ ಎಕೋ ವರದಿಯನ್ನೂ ಕೈಯಲ್ಲಿಟ್ಟುಕೊಳ್ಳಿ, ಆ ಕೇಂದ್ರಕ್ಕೆ ಸಂಬಂಧವಿಲ್ಲದ ತಜ್ಞರಿಗೆ ತೋರಿಸಿ, ಕಾಲು ಊತ, ದಿಂಬಿನ ಲೆಕ್ಕ ಎಲ್ಲವನ್ನೂ ಕೇಳದಿದ್ದರೂ ಹೇಳಿ.

ಎಂಟು ತಿಂಗಳ ಔಷಧದಿಂದ ನನ್ನ ಇಜೆಕ್ಷನ್ ಫ್ರ್ಯಾಕ್ಷನ್ ಶೇ 46ಕ್ಕೆ ಏರಿದೆ. ಒಂದೇ ದಿಂಬಿನ ಮೇಲೆ ಮಲಗುತ್ತೇನೆ, ಕುಂದವಾಡ ಕೆರೆ ಏರಿಯ ಮೇಲೆ ನಿಲ್ಲದೆ ಸ್ವಲ್ಪ ದೂರ ನಡೆಯುತ್ತೇನೆ. ಶಸ್ತ್ರಚಿಕಿತ್ಸೆಯ ಮಾತನ್ನು ತಜ್ಞರು ಮುಂದಿನ ಎಕೋ ನಂತರ ಎತ್ತೋಣ ಎಂದಿದ್ದಾರೆ. ಮುಂಗಡ ವಾಪಸಾಗಿಲ್ಲ. ರಸೀದಿಯ ಹಿಂಬದಿಯಲ್ಲಿ, ಕನ್ನಡಕ ಹಾಕಿದರೂ ಕಷ್ಟಪಟ್ಟು ಓದಬೇಕಾದ ಅಕ್ಷರಗಳಲ್ಲಿ, ವೈದ್ಯಕೀಯ ಕಾರಣಕ್ಕೆ ರದ್ದಾದರೂ ಹಣ ಹಿಂದಿರುಗಿಸುವುದಿಲ್ಲ ಎಂದಿದೆ.