ಸ್ಯಾವೇಜ್ 110ಕ್ಕೆ ಹಳೇ ತೋಟಾದ ಬ್ಯಾರೆಲ್: ರಾಬರ್ಟ್ಸೋ, .250 ಸ್ಯಾವೇಜೋ, 7×57 ಮೌಸರೋ?

ಸ್ಯಾವೇಜ್ 110 ಅಮೆರಿಕದ ಬೋಲ್ಟ್ ಕೋವಿ; ಇಲ್ಲಿ ಹೇಳುವುದು ಅದರ ಉದ್ದ ಆಕ್ಷನ್ನಿನ (ಉದ್ದ ತೋಟಾ ಹಿಡಿಸುವ) ಮಾದರಿಯ ಮಾತು. ಮೊದಲೇ ಹೇಳಿಬಿಡುತ್ತೇನೆ, ನನ್ನ ಒಲವು .257 ರಾಬರ್ಟ್ಸ್ ಕಡೆಗೆ. ಮೂರು ತೋಟಾಗಳಿಗೂ ಒಂದೇ ಅಳತೆಯ ಬೋಲ್ಟ್ ಮುಖ (ತೋಟಾದ ಬುಡ ಕೂರುವ ಜಾಗ) ಸಾಕು, ಬದಲಾಗುವುದು ಬ್ಯಾರೆಲ್ ಮಾತ್ರ. ಇದು ಅಮೆರಿಕದ ಲೆಕ್ಕ. ಭಾರತದಲ್ಲಿ ತೋಟಾ ತಯಾರಿಸಲು 1959ರ ಆಯುಧ ಕಾಯ್ದೆಯಡಿ ಲೈಸೆನ್ಸ್ ಬೇಕು.

ಜೋಡಣೆ ಮೂರಕ್ಕೂ ಒಂದೇ. ಬೋಲ್ಟಿನಿಂದ ಫೈರಿಂಗ್ ಪಿನ್, ಎಜೆಕ್ಟರ್ (ಖಾಲಿ ತೋಟಾ ಹೊರಚಿಮ್ಮಿಸುವ ಭಾಗ) ಎರಡನ್ನೂ ತೆಗೆದು, ಗೋ ಗೇಜ್ (ತೋಟಾ ಕೂರುವ ಜಾಗದ ಕನಿಷ್ಠ ಉದ್ದ ತೋರಿಸುವ ಉಕ್ಕಿನ ಅಳತೆತುಂಡು) ಇಟ್ಟು ಬೋಲ್ಟ್ ಮುಚ್ಚಿ. ಬ್ಯಾರೆಲ್ ಗೇಜಿಗೆ ತಾಗುವವರೆಗೆ ಕೈಯಲ್ಲೇ ತಿರುಗಿಸಿ, ಆಮೇಲೆ ಬ್ಯಾರೆಲ್ಲಿನ ನಟ್ ಬಿಗಿಯಿರಿ. ಬಿಗಿಯುವಾಗ ಅಳತೆ ಕೂದಲೆಳೆಯಷ್ಟು ಜರುಗುತ್ತದೆ. ಹಾಗಾಗಿ ಮತ್ತೊಮ್ಮೆ ನೋಡಿ: ಗೋ ಗೇಜಿನ ಮೇಲೆ ಬೋಲ್ಟ್ ಮುಚ್ಚಬೇಕು, ಅದಕ್ಕಿಂತ ತುಸು ಉದ್ದದ ನೋ-ಗೋ ಮೇಲೆ ಮುಚ್ಚಬಾರದು.

.250 ಸ್ಯಾವೇಜ್ 1915ರದು, ಚಾರ್ಲ್ಸ್ ನ್ಯೂಟನ್ ರೂಪಿಸಿದ್ದು. ಒದೆತ ಕಡಿಮೆ, ಮದ್ದೂ ಕಡಿಮೆ. ಹಳೇ 14 ಇಂಚಿನ ಟ್ವಿಸ್ಟ್ (ಗುಂಡು ಒಂದು ಸುತ್ತು ತಿರುಗುವ ದೂರ) ಬ್ಯಾರೆಲ್ ಹಾಕಿದರೆ 117 ಗ್ರೇನಿನ (ಗುಂಡಿನ ತೂಕದ ಅಳತೆ) ಉದ್ದ ಗುಂಡು ನೆಟ್ಟಗೆ ಹಾರುವ ಭರವಸೆಯಿಲ್ಲ. 10 ಇಂಚಿನದನ್ನೇ ಹೇಳಿ ಮಾಡಿಸಿ. ಉದ್ದ ಮ್ಯಾಗಜೀನಿನಲ್ಲಿ ಈ ಗಿಡ್ಡ ತೋಟಾ ಹಿಂದೆ ಮುಂದೆ ಜಾರುತ್ತದೆ, ಹಿಂದೊಂದು ಬ್ಲಾಕ್ ಬೇಕು. .22-250 ಎಂಬ ಇನ್ನೊಂದು ತೋಟಾದ ಕೇಸಿನ (ಹಿತ್ತಾಳೆ ಕವಚದ) ಕುತ್ತಿಗೆ ಅಗಲಿಸಿ ಮಾಡಿಕೊಂಡರೆ ಭುಜದ (ಕುತ್ತಿಗೆಯ ಕೆಳಗಿನ ಇಳಿಜಾರಿನ) ದಪ್ಪ ಲೋಹ ಕುತ್ತಿಗೆಯ ಬುಡಕ್ಕೆ ಬಂದು ಒಳಗೆ ಉಂಗುರ ಕಟ್ಟುತ್ತದೆ.

7×57 ಗಟ್ಟಿ ಆಸಾಮಿ, 1892ರದು. ಹೆಚ್ಚು ಒತ್ತಡ ತಾಳದ ಹಳೇ ಮೌಸರ್ ಕೋವಿಗಳ ದೆಸೆಯಿಂದ ಅಮೆರಿಕದ ಕಾರ್ಖಾನೆ ತೋಟಾ ಸಪ್ಪೆ. ತೋಟಾ ತಾನೇ ಕೈಯಲ್ಲಿ ತುಂಬಿಕೊಳ್ಳುವವನಿಗೆ ಲಾಭ. ಉದ್ದನೆಯ 173 ಗ್ರೇನ್ ಗುಂಡಿಗೆಂದು ಕೊರೆದ ಥ್ರೋಟ್ (ಬ್ಯಾರೆಲ್ಲಿನ ಗೀರು ಶುರುವಾಗುವ ಮುಂಚಿನ ಭಾಗ) ಆದ್ದರಿಂದ 120 ಗ್ರೇನಿನದು ಗೀರು ಮುಟ್ಟಲು ದೂರ ನೆಗೆಯಬೇಕಾಗುತ್ತದೆ.

ರಾಬರ್ಟ್ಸ್‌ದು ಒಂದೇ ಕಿರಿಕಿರಿ, ಆದರೆ ದೊಡ್ಡದು: ಕೇಸು. ಅದರದ್ದೇ ಮುದ್ರೆಯ ಹಿತ್ತಾಳೆ ಸಿಗದಾಗ 7×57 ಕೇಸಿನ ಕುತ್ತಿಗೆ ಹಿಸುಕಿ ಮಾಡಿಕೊಳ್ಳುತ್ತೇವೆ. ಲೋಹ ಎಲ್ಲಿಗೆ ಹೋಗಬೇಕು? ಗೋಡೆ ದಪ್ಪಗಾಗುತ್ತದೆ. ತುಂಬಿದ ತೋಟಾದ ಕುತ್ತಿಗೆ ಛೇಂಬರಿನ (ಬ್ಯಾರೆಲ್ಲಿನಲ್ಲಿ ತೋಟಾ ಕೂರುವ ಗೂಡಿನ) ಕುತ್ತಿಗೆಯನ್ನೇ ತುಂಬಿಬಿಟ್ಟರೆ, ಹಿಡಿದ ಗುಂಡನ್ನು ಸಡಿಲಿಸಲು ಕೇಸಿಗೆ ಹಿಗ್ಗುವ ಜಾಗವಿಲ್ಲ, ಮದ್ದು ಹೆಚ್ಚಿಸದೆಯೇ ಒತ್ತಡ ಏರುತ್ತದೆ. ಪರೀಕ್ಷೆ ಸುಲಭ. ಹಾರಿಸಿದ ಖಾಲಿ ಕೇಸಿನ ಬಾಯಿಗೆ ಹೊಸ ಗುಂಡನ್ನು ಕೈಯಿಂದ ಇಳಿಬಿಡಿ. ತಾನಾಗಿ ಜಾರದಿದ್ದರೆ ಕುತ್ತಿಗೆ ಬಿಗಿ.

ಅದಕ್ಕೆ ಔಷಧ ಹೊರಗಿನಿಂದ ಕುತ್ತಿಗೆ ಹೆರೆಯುವುದು. ಮೊದಲು ಕಾಯಿಸಿ ಹದ ಮಾಡಿ, ಡೈ (ಕೇಸಿಗೆ ಆಕಾರ ಕೊಡುವ ಅಚ್ಚು) ಹೊಡೆದು, ಉದ್ದವನ್ನು 2.223 ಇಂಚಿಗೆ ಕತ್ತರಿಸಿ, ಆಮೇಲೆ ಹೆರೆಯಿರಿ. ತುಂಬಿದ ತೋಟಾಕ್ಕೂ ಛೇಂಬರಿಗೂ ನಡುವೆ 0.003 ಇಂಚು ಉಳಿಯಲಿ. 50 ಕೇಸಿಗೆ ಒಂದು ಸಂಜೆ ಹೋಗುತ್ತದೆ, ಬೆರಳೂ ನೋಯುತ್ತದೆ. ಕೇಸಿನ ಬುಡದಲ್ಲಿ ಹಳೇ ಮುದ್ರೆ ಹಾಗೇ ಉಳಿಯುವುದರಿಂದ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ. ಮನೆಯಲ್ಲಿ 7×57 ಕೋವಿಯೂ ಇದ್ದರಂತೂ ಎರಡನ್ನೂ ಒಂದೇ ಬೀರುವಿನಲ್ಲಿಡಬೇಡಿ.

ಡೈಯನ್ನು ಶೆಲ್ ಹೋಲ್ಡರಿಗೆ (ಕೇಸಿನ ಬುಡ ಹಿಡಿಯುವ ತುಣುಕಿಗೆ) ತಾಗುವ ತನಕ ಕುರುಡಾಗಿ ಇಳಿಸಬೇಡಿ. ಕೇಸಿನ ಭುಜ 0.002 ಇಂಚು ಹಿಂದೆ ಸರಿದರೆ ಸಾಕು. ಹೆಚ್ಚಾದರೆ ಪ್ರತಿ ಸಲ ಕೇಸು ಹಿಗ್ಗಿ, ಬುಡದ ಮೇಲ್ಗಡೆ ಒಳಗೆ ಗೆರೆ ಬೀಳುತ್ತದೆ. ತುದಿ ಬಗ್ಗಿಸಿದ ತಂತಿ ಹಾಕಿ ತಡವಿ. ಗೆರೆ ಸಿಕ್ಕಿದರೆ ಗುಜರಿಗೆ.

ಇಷ್ಟಾದರೂ ರಾಬರ್ಟ್ಸ್ ಏಕೆ? ತುಂಬಿದ ತೋಟಾದ ಉದ್ದಕ್ಕಿದ್ದ ಮೂಲ 2.775 ಇಂಚಿನ ಮಿತಿ ಗಿಡ್ಡ ಮ್ಯಾಗಜೀನಿನ ಕಾಲದ್ದು. ಉದ್ದ ಆಕ್ಷನ್ನಿನಲ್ಲಿ ಗುಂಡನ್ನು ಹೊರಗೆ ಕೂರಿಸಬಹುದು. ಭುಜಕ್ಕೆ ನೋವಿಲ್ಲದೆ ಜಿಂಕೆಗೆ ಸಾಕಾಗುವ ಪೆಟ್ಟು. ನನ್ನ ಅಭ್ಯಾಸ 100 ಗ್ರೇನ್ ಗುಂಡು, ತಿಂಗಳಿಗೆ 40 ಸುತ್ತು.  ಮದ್ದಿನ ತೂಕ ಕೈಪಿಡಿಯ ಕೆಳಗಿನ ಅಂಕಿಯಿಂದಲೇ ಶುರು; 58,000 ಪಿಎಸ್ಐನ ಪ್ಲಸ್-ಪಿ (ಹೆಚ್ಚಿನ ಒತ್ತಡದ) ಪಟ್ಟಿಯನ್ನು ಹಳೇ ಕೋವಿಗೆ ಮುಟ್ಟಿಸಬೇಡಿ. ಕುತ್ತಿಗೆ ಹೆರೆಯುವ ತಾಳ್ಮೆ ಇಲ್ಲದವರು 7×57 ತೆಗೆದುಕೊಳ್ಳಿ.