‘ಫ್ರೀ ಎನರ್ಜಿ ಜನರೇಟರ್’ ಮಾರಲು ಬಂದರೆ ದುಡ್ಡು ಕೊಡಬೇಡಿ

ನಮ್ಮ ಮಾವ ತೋಟದ ಬೋರ್‌ವೆಲ್‌ಗೆ ಅಂತ ಒಂದು ‘ಫ್ರೀ ಎನರ್ಜಿ ಜನರೇಟರ್’ ಕೊಂಡರು. 80 ಸಾವಿರ ಹೋಯಿತು. ಮಾರಿದವನ ಫೋನ್ ಸ್ವಿಚ್ ಆಫ್. ಇನ್ನೊಬ್ಬ ರೈತ ಹೀಗೆ ಸಿಕ್ಕಿಬೀಳಬಾರದು ಅಂತ ಬರೆಯುತ್ತಿದ್ದೇನೆ.

1 ಎಚ್‌ಪಿ ಮೋಟಾರ್, ಬೆಲ್ಟ್, 100 ಕೆಜಿ ಫ್ಲೈವೀಲ್ (ಭಾರದ ಚಕ್ರ), ಕೊನೆಗೆ 5 ಕಿಲೋವ್ಯಾಟ್ ಅಂತ ಬರೆದ ಆಲ್ಟರ್ನೇಟರ್ (ತಿರುಗಿಸಿದರೆ ಕರೆಂಟ್ ಕೊಡುವ ಯಂತ್ರ). ಯಂತ್ರ ಇಷ್ಟೇ. ‘ಸ್ವಲ್ಪ ಕರೆಂಟ್ ಕೊಟ್ಟು ಶುರು ಮಾಡಿ, ಆಮೇಲೆ ತಾನೇ ಓಡುತ್ತೆ, ಪಂಪನ್ನೂ ಓಡಿಸುತ್ತೆ’ ಅಂದಿದ್ದ. ಡೆಮೊದಲ್ಲಿ ಪ್ಲಗ್ ಕಿತ್ತ ಮೇಲೂ ಬಲ್ಬ್ ಉರಿಯಿತು. ಮಾವ ಅಲ್ಲೇ ದುಡ್ಡು ಎಣಿಸಿದರು.

ಆ ಬಲ್ಬ್ ಯಾಕೆ ಉರಿಯಿತು ಅನ್ನೋದನ್ನು ಎಲ್ಲರೂ ತಿಳಿದಿರಬೇಕು. ತಿರುಗುವ ಚಕ್ರದಲ್ಲಿ ಶಕ್ತಿ ಇರುವುದು ನಿಜ. ಅದನ್ನು ತುಂಬಿದ್ದು ನಮ್ಮದೇ ಲೈನ್ ಕರೆಂಟ್. 60 ಸೆಂ.ಮೀ. ಅಗಲದ 100 ಕೆಜಿ ಚಕ್ರ ನಿಮಿಷಕ್ಕೆ 1500 ಸುತ್ತು ತಿರುಗಿದರೆ ಅದರಲ್ಲಿರುವುದು ಸುಮಾರು 55 ಸಾವಿರ ಜೂಲ್ (ಶಕ್ತಿಯ ಅಳತೆ). ಒಂದು ಯೂನಿಟ್ ಕರೆಂಟ್ ಅಂದರೆ 36 ಲಕ್ಷ ಜೂಲ್! 100 ವ್ಯಾಟ್ ಬಲ್ಬ್ ಕೆಲವು ನಿಮಿಷ ಉರಿಯಬಹುದು. 5 ಎಚ್‌ಪಿ ಪಂಪ್ ಜೋಡಿಸಿದರೆ 15 ಸೆಕೆಂಡೂ ಬರೋದಿಲ್ಲ. ಆಲ್ಟರ್ನೇಟರ್ ಮೇಲೆ ಬರೆದ 5 ಕಿಲೋವ್ಯಾಟ್ ಅದು ತಡೆಯಬಲ್ಲ ಲೋಡ್ ಅಷ್ಟೇ. 1 ಎಚ್‌ಪಿ ಅಂದರೆ 746 ವ್ಯಾಟ್. ಬೆಲ್ಟ್, ಬೇರಿಂಗ್ ಬಿಸಿಯಾಗಿ ಒಂದಿಷ್ಟು ಸೋರುತ್ತದೆ. ಮೋಟಾರ್ ಕೊಟ್ಟಿದ್ದಕ್ಕಿಂತ ಕಡಿಮೆಯೇ ಆಚೆ ಬರೋದು ಅಲ್ವಾ?

‘ನಮ್ಮ ಭಾಸ್ಕರಾಚಾರ್ಯರೇ ಮಾಡಿದ್ದರು’ ಅಂತಲೂ ಹೇಳಿದ್ದನಂತೆ. ಪಾದರಸ ತುಂಬಿದ, ತಾನೇ ತಿರುಗುವ ಚಕ್ರವನ್ನು ಅವರು 12ನೇ ಶತಮಾನದಲ್ಲಿ ವರ್ಣಿಸಿದ್ದು ಹೌದು. ಅದನ್ನು ನಿಲ್ಲದಂತೆ ಓಡಿಸಿ ತೋರಿಸಿದವರು ಇವತ್ತಿನವರೆಗೂ ಯಾರೂ ಇಲ್ಲ. ಅಷ್ಟು ದೊಡ್ಡ ಗಣಿತಜ್ಞರ ಹೆಸರನ್ನು ಮೋಸಕ್ಕೆ ಬಳಸಿದ್ದು ನನಗೆ ದುಡ್ಡು ಹೋಗಿದ್ದಕ್ಕಿಂತ ಜಾಸ್ತಿ ಸಿಟ್ಟು ತರಿಸಿತು.

ಪೇಟೆಂಟ್ ಕಾಗದಕ್ಕೂ ಮರುಳಾಗಬೇಡಿ. ಅರ್ಜಿ ಹಾಕಿದವರಿಗೆಲ್ಲ ನಂಬರ್ ಸಿಗುತ್ತದೆ. ಪ್ರಕೃತಿ ನಿಯಮಕ್ಕೆ ವಿರುದ್ಧವಾದದ್ದಕ್ಕೆ ಪೇಟೆಂಟ್ ಇಲ್ಲ ಅಂತ 1970ರ ಪೇಟೆಂಟ್ ಕಾಯ್ದೆಯ 3(ಎ) ಕಲಮಿನಲ್ಲೇ ಇದೆ.

ಯಾರಾದರೂ ಬಂದರೆ ಮೊದಲು ಕವರ್ ಬಿಚ್ಚಿಸಿ, ಬ್ಯಾಟರಿ ಅಡಗಿಸಿದ್ದಾರಾ ನೋಡಿ. ಆಮೇಲೆ ಲೈನ್ ಕಿತ್ತು, ನಿಮ್ಮ ಪಂಪನ್ನೇ ಜೋಡಿಸಿ, ಒಂದು ರಾತ್ರಿಯಿಡೀ ಓಡಿಸಿ ತೋರಿಸಲು ಹೇಳಿ. ದುಡ್ಡು ಕೊಟ್ಟಾಗಿದ್ದರೆ ರಸೀದಿ, ವಾಟ್ಸಾಪ್ ಮೆಸೇಜ್ ಯಾವುದನ್ನೂ ಅಳಿಸಬೇಡಿ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಪೊಲೀಸ್ ಠಾಣೆಯಲ್ಲೂ ದೂರು ಕೊಡಿ. ಮಾವ ನಾಚಿಕೆಯಿಂದ ಸುಮ್ನೆ ಕೂತಿದ್ದರು, ಈಗ ಕೊಟ್ಟಿದ್ದಾರೆ.