ಬಾಯ್ಲರ್ ಕಿತ್ತುಹಾಕಿದ ಓವರ್‌ಲುಕ್: ‘ದಿ ಶೈನಿಂಗ್’ ಕಾದಂಬರಿ ಮತ್ತು ಸಿನಿಮಾ

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಕಾದಂಬರಿಗೆ. ಸ್ಟ್ಯಾನ್ಲಿ ಕುಬ್ರಿಕ್ 1980ರಲ್ಲಿ ತೆಗೆದ ಸಿನಿಮಾ ಕಣ್ಣಿಗೆ ಹಬ್ಬ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸ್ಟೀಫನ್ ಕಿಂಗ್ 1977ರಲ್ಲಿ ಬರೆದ ಮೂಲದಲ್ಲಿ ಹೆದರಿಕೆಯ ಜೊತೆಗೆ ಸಂಕಟವೂ ಇದೆ, ಸಿನಿಮಾದಲ್ಲಿ ಆ ಸಂಕಟ ಸೋರಿಹೋಗಿದೆ. ಮುಂದೆ ಕಥೆಯ ಕೊನೆಯೂ ಬಂದುಬಿಡುತ್ತದೆ. ಎರಡನ್ನೂ ಇನ್ನೂ ಮುಟ್ಟದವರು ನೇರ ಕೊನೆಯ ಎರಡು ಪ್ಯಾರಾಗಳಿಗೆ ಹೋಗಬಹುದು.

ಚೌಕಟ್ಟು ಎರಡರಲ್ಲೂ ಒಂದೇ. ಕೊಲೊರಾಡೊದ ಬೆಟ್ಟದಲ್ಲಿ ಚಳಿಗಾಲಕ್ಕೆ ಬಾಗಿಲು ಹಾಕುವ, ದೆವ್ವ ಹೊಕ್ಕ ಓವರ್‌ಲುಕ್ ಹೋಟೆಲು. ಅದನ್ನು ಕಾಯಲು ಬರುವ ಜ್ಯಾಕ್ ಟೊರೆನ್ಸ್, ಹೆಂಡತಿ ವೆಂಡಿ, ಐದು ವರ್ಷದ ಮಗ ಡ್ಯಾನಿ. ದಾರಿ ಬೇರೆಯಾಗುವುದು ನೆಲಮಾಳಿಗೆಯಲ್ಲಿ ಹೋಟೆಲನ್ನು ಬೆಚ್ಚಗಿಡುವ ಬಾಯ್ಲರ್ ಹತ್ತಿರ, ನನ್ನ ತಕರಾರೂ ಅಲ್ಲಿಯದೇ.

ಕಾದಂಬರಿಯ ಶುರುವಿನಲ್ಲೇ ವಾಟ್ಸನ್ ಎಂಬ ಕೆಲಸಗಾರ ಜ್ಯಾಕ್‌ನನ್ನು ಕೆಳಗೆ ಕರೆದುಕೊಂಡು ಹೋಗಿ ಬಾಯ್ಲರ್ ತೋರಿಸುತ್ತಾನೆ. ಒತ್ತಡ ಹೆಚ್ಚಾದರೆ ತಾನಾಗಿಯೇ ನಿಲ್ಲುವ ವ್ಯವಸ್ಥೆ ಅದಕ್ಕಿಲ್ಲ, ಸೇಫ್ಟಿ ವಾಲ್ವ್ ಇಲ್ಲದ ಕುಕ್ಕರ್ ಇದ್ದ ಹಾಗೆ. ದಿನಕ್ಕೆರಡು ಸಲ ಕೈಯಾರೆ ಒತ್ತಡ ಇಳಿಸಬೇಕು. ಕಾಗದದ ಮೇಲೆ 250ರವರೆಗೆ ತಡೆಯಬೇಕಾದ ಯಂತ್ರ. ಆದರೆ ಒತ್ತಡ ತೋರಿಸುವ ಮುಳ್ಳು 180ಕ್ಕೆ ಬಂದರೆ ತಾನು ಹತ್ತಿರ ನಿಲ್ಲುವುದಿಲ್ಲ ಅನ್ನುತ್ತಾನೆ ವಾಟ್ಸನ್. ಒತ್ತಡ ಸದ್ದಿಲ್ಲದೆ ಏರುತ್ತಲೇ ಇರುತ್ತದೆ ಎಂಬ ಎಚ್ಚರಿಕೆಯನ್ನೂ ಕೊಡುತ್ತಾನೆ. ಅಲ್ಲಿಂದ ಮುಂದೆ ಜ್ಯಾಕ್ ನೆಲಮಾಳಿಗೆಗೆ ಇಳಿದಾಗಲೆಲ್ಲ ಓದುಗರ ಕಣ್ಣು ಆ ಮುಳ್ಳಿನ ಮೇಲೇ. ಒಮ್ಮೆ ಅದು 200 ದಾಟುತ್ತದೆ, ವಾಲ್ವ್‌ಗೆ ಕೈ ಹಾಕುವ ಮುಂಚೆ ಜ್ಯಾಕ್ ಹಿಂದೆಮುಂದೆ ನೋಡುತ್ತಾನೆ. ಕುಡಿತ ಬಿಟ್ಟ, ಸಿಟ್ಟು ನುಂಗಿಕೊಂಡ ಮನುಷ್ಯ ಒಳಗೊಳಗೇ ಹೇಗೆ ಕುದಿಯುತ್ತಿದ್ದಾನೆ ಎಂಬುದಕ್ಕೆ ಬೇರೆ ವಿವರಣೆಯೇ ಬೇಡ.

ಕೊನೆಯೂ ಬಾಯ್ಲರ್‌ನಿಂದಲೇ. ಸುತ್ತಿಗೆ ಹಿಡಿದು ಮಗನ ಮುಂದೆ ನಿಂತ ಅಪ್ಪನಿಗೆ ಒಂದು ಗಳಿಗೆ ಮೈಮೇಲೆ ಪ್ರಜ್ಞೆ ಬರುತ್ತದೆ, ಓಡಿಹೋಗು ಅನ್ನುತ್ತಾನೆ. ಆಮೇಲೆ ಅವನ ಮೈಯಲ್ಲಿ ಉಳಿದದ್ದು ಬರೀ ಹೋಟೆಲಿನ ದೆವ್ವ. ಬಾಯ್ಲರ್ ಮರೆತದ್ದನ್ನು ಡ್ಯಾನಿ ನೆನಪಿಸಿದಾಗ ಅದು ಕೆಳಗೆ ಓಡುತ್ತದೆ, ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಹೋಟೆಲು ಸುಟ್ಟು ಬೂದಿ.

ಸಿನಿಮಾದಲ್ಲಿ ಬಾಯ್ಲರ್ ಇದ್ದೂ ಇಲ್ಲದ ಹಾಗೆ. ಜ್ಯಾಕ್‌ನ ಕೆಲಸದ ಸಂದರ್ಶನದಲ್ಲಿ ಅದರ ಹೆಸರು ಬರುತ್ತದೆ. ಆಮೇಲೆ ಅದನ್ನು ನೋಡಿಕೊಳ್ಳುತ್ತಿರುವವಳು ವೆಂಡಿ! ಜ್ಯಾಕ್ ಟೈಪ್‌ರೈಟರ್ ಮುಂದೆ. ಅವನು ಎಂಥ ಗಂಡ ಎಂದು ಹೇಳಲು ಇದು ಸಾಕು, ಒಪ್ಪುತ್ತೇನೆ. ಆದರೆ ದಿನಾ ಕೈಯಾರೆ ಇಳಿಸಬೇಕಾದ ಆ ಒತ್ತಡ ಹೋದಮೇಲೆ ಅವನು ಕಳೆದುಕೊಳ್ಳುವುದಕ್ಕೆ ಏನೂ ಉಳಿಯುವುದಿಲ್ಲ. ಜ್ಯಾಕ್ ನಿಕಲ್ಸನ್‌ರ ಹುಬ್ಬು ಮೊದಲ ದೃಶ್ಯದಲ್ಲೇ ಅಪಾಯ ಸಾರುತ್ತಿರುತ್ತದೆ. ಬೀಳಲು ಎತ್ತರವೇ ಇಲ್ಲದವನು ಹಿಮದಲ್ಲಿ ಹೆಪ್ಪುಗಟ್ಟಿ ಸತ್ತರೆ ಹೆದರಿಕೆಯಾಗುತ್ತದೆ, ಸಂಕಟವಾಗುವುದಿಲ್ಲ.

ಕಣಜದ ಗೂಡಿನ ಪ್ರಸಂಗವೂ ಸಿನಿಮಾದಲ್ಲಿಲ್ಲ. ಜ್ಯಾಕ್ ಚಾವಣಿ ರಿಪೇರಿ ಮಾಡುವಾಗ ಸಿಕ್ಕ ಗೂಡಿಗೆ ಹೊಗೆ ಹಾಕಿ, ಕಣಜಗಳೆಲ್ಲ ಸತ್ತವೆಂದುಕೊಂಡು ಮಗನಿಗೆ ಉಡುಗೊರೆ ಕೊಡುತ್ತಾನೆ. ರಾತ್ರಿ ಅದೇ ಗೂಡಿನಿಂದ ಕಣಜಗಳು ಎದ್ದು ಮಗುವನ್ನು ಕಚ್ಚುತ್ತವೆ. ಅಪ್ಪ ಏನು ಮಾಡುತ್ತಾನೆ? ಹೊಗೆಡಬ್ಬಿ ತಯಾರಿಸಿದವರ ಮೇಲೆ ಕೇಸು ಹಾಕಬಹುದೆಂದು ಊದಿದ ಕೈಯ ಫೋಟೋ ತೆಗೆಯುತ್ತಾನೆ. ಪ್ರೀತಿ, ಅವಮಾನ, ದುಡ್ಡಿನ ಮುಗ್ಗಟ್ಟು ಎಲ್ಲವೂ ಆ ಒಂದು ಫೋಟೋದಲ್ಲಿವೆ.

ಸಣ್ಣಪುಟ್ಟವು: ಕಾದಂಬರಿಯ ದೆವ್ವದ ಕೋಣೆ 217 ಸಿನಿಮಾದಲ್ಲಿ 237, ಹೊರಾಂಗಣ ಚಿತ್ರೀಕರಣಕ್ಕೆ ಬಳಸಿದ ಟಿಂಬರ್‌ಲೈನ್ ಲಾಡ್ಜ್‌ನವರು ತಮ್ಮಲ್ಲಿಲ್ಲದ ನಂಬರ್ ಕೇಳಿದ್ದರು. ಸುತ್ತಿಗೆ ಹೋಗಿ ಕೊಡಲಿ ಬಂತು. ಹೋಟೆಲಿನ ಅಡುಗೆಯವ ಹ್ಯಾಲೊರನ್ ಪುಸ್ತಕದಲ್ಲಿ ಬದುಕುತ್ತಾನೆ. ಸಿನಿಮಾದಲ್ಲಿ ಡ್ಯಾನಿಯನ್ನು ಕಾಪಾಡಲು ಫ್ಲಾರಿಡಾದಿಂದ ಅಷ್ಟು ದೂರ ಬಂದು, ಒಳಗೆ ಕಾಲಿಟ್ಟ ಸ್ವಲ್ಪ ಹೊತ್ತಿಗೇ ಸಾಯುತ್ತಾನೆ. ತಾಯಿ ಮಗ ಪಾರಾಗಲು ಅವನ ಗಾಡಿ ಉಳಿಯುತ್ತದೆ. ಇದನ್ನು ಮಾತ್ರ ಕ್ಷಮಿಸಲಾರೆ.

ಸಿನಿಮಾ ಗೆಲ್ಲುವ ಕಡೆ ಚೊಕ್ಕವಾಗಿಯೇ ಗೆಲ್ಲುತ್ತದೆ. ಡ್ಯಾನಿ ಮೂರುಗಾಲಿ ಸೈಕಲ್ಲಿನಲ್ಲಿ ಕಾರಿಡಾರ್ ಸುತ್ತುವಾಗ ಸ್ಟೆಡಿಕ್ಯಾಮ್ (ನಡೆಯುತ್ತಾ ತೆಗೆದರೂ ಅಲುಗದ ಕ್ಯಾಮೆರಾ) ನೆಲಮಟ್ಟದಲ್ಲಿ ಹಿಂಬಾಲಿಸುತ್ತದೆ. ಮರದ ನೆಲದ ಮೇಲೆ ಗಡಗಡ, ಕಾರ್ಪೆಟ್ ಮೇಲೆ ಮೌನ, ಮತ್ತೆ ಗಡಗಡ. ಇದನ್ನು ಹೆಡ್‌ಫೋನ್ ಹಾಕಿ ಕೇಳಬೇಕು. ಪುಸ್ತಕದಲ್ಲಿ ಪ್ರಾಣಿಗಳ ಆಕಾರಕ್ಕೆ ಕತ್ತರಿಸಿದ ಪೊದೆಗಳು ನಾವು ನೋಡದಾಗ ಮಾತ್ರ ಜಾಗ ಬದಲಿಸುತ್ತವೆ. ಓದುವಾಗ ಅದ್ಭುತ, ತೆರೆಗೆ ತರುವುದು ಕಷ್ಟ. ಕುಬ್ರಿಕ್ ಅವನ್ನು ಬಿಟ್ಟು ಗಿಡಗಳ ಚಕ್ರವ್ಯೂಹ ತಂದದ್ದು ಸರಿಯಾದ ತೀರ್ಮಾನ. ಕಿಂಗ್ ತಾವೇ ಚಿತ್ರಕಥೆ ಬರೆದ 1997ರ ಮೂರು ಕಂತಿನ ಟಿವಿ ಸರಣಿಯಲ್ಲಿ ಕಂಪ್ಯೂಟರ್ ಪೊದೆಗಳು ನಡೆದಾಡುವುದನ್ನು ಕಂಡರೆ ಗೊತ್ತಾಗುತ್ತದೆ.

ಸಿನಿಮಾ ನೋಡುವವರು ಅವಧಿ ನೋಡಿಕೊಳ್ಳಿ. ಅಮೆರಿಕದ ಪ್ರತಿ 144 ನಿಮಿಷ, ಯುರೋಪಿಗೆ ಕತ್ತರಿಸಿದ್ದು 119. ಚಿಕ್ಕದರಲ್ಲಿ ವೈದ್ಯೆ ಡ್ಯಾನಿಯನ್ನು ನೋಡಲು ಬರುವ ದೃಶ್ಯವಿಲ್ಲ. ಜ್ಯಾಕ್ ಕುಡಿದು ಮಗನ ತೋಳಿಗೆ ಪೆಟ್ಟು ಮಾಡಿದ್ದನ್ನು ವೆಂಡಿ ಸಮಜಾಯಿಷಿ ಕೊಡುತ್ತಾ ಹೇಳುವುದು ಅಲ್ಲೇ. ಅಪ್ಪನ ಹಿನ್ನೆಲೆಯನ್ನು ಮೊದಲೇ ಕಡಿಮೆ ಮಾಡಿದ ಸಿನಿಮಾದಲ್ಲಿ ಅದೂ ಹೋದರೆ ತುಂಬಾ ನಷ್ಟ. 144 ಸಿಕ್ಕರೆ ಮಾತ್ರ ನೋಡಿ.

ದುಡ್ಡು ಒಂದಕ್ಕೇ ಹಾಕುವುದಾದರೆ ಪುಸ್ತಕ ಕೊಳ್ಳಿ, ಸಿನಿಮಾ ಒಂದು ರಾತ್ರಿಗೆ ಬಾಡಿಗೆಗೆ ಸಾಕು. ಸುಮಾರು 450 ಪುಟ, 58 ಅಧ್ಯಾಯ; ರಾತ್ರಿಗೆ ಮೂವತ್ತು ಪುಟದಂತೆ ಎರಡು ವಾರದ ಓದು. ಮೊದಲ ಭಾಗ ನಿಧಾನ, ಹೋಟೆಲಿನ ಬಾಗಿಲು ಹಾಕುವ ದಿನದವರೆಗೆ ತಾಳ್ಮೆ ಬೇಕು. ಸಿನಿಮಾ ಮೊದಲು ನೋಡಿದರೆ ಪುಸ್ತಕದ ಜ್ಯಾಕ್‌ಗೆ ನಿಕಲ್ಸನ್ ಮುಖ ಅಂಟಿಕೊಳ್ಳುತ್ತದೆ, ಬಿಡಿಸುವುದು ಕಷ್ಟ. ಹಾಗಾಗಿ ಓದು ಮೊದಲು. ದಪ್ಪ ಪುಸ್ತಕ ಕಂಡರೆ ಆಗದವರು, ದೀಪ ಆರಿಸಿ ಎರಡೂವರೆ ಗಂಟೆ ಹೆದರಿದರೆ ಸಾಕು ಅನ್ನುವವರು ಸಿನಿಮಾ ಹಾಕಿಕೊಳ್ಳಿ, ಅವರಿಗೆ ಅದು ಮೋಸ ಮಾಡುವುದಿಲ್ಲ.